ಪಚ್ಚೆ-ವಜ್ರದ ಉಂಗುರ ಕೊಳ್ಳುತ್ತೀರಾ? ಮೊದಲು ಪಚ್ಚೆ ನೋಡಿ

ನಡುವೆ ಒಂದು ಪಚ್ಚೆ, ಸುತ್ತ ಪುಟ್ಟ ಪುಟ್ಟ ವಜ್ರ. ನಿಶ್ಚಿತಾರ್ಥಕ್ಕೆ ಇಂಥದ್ದೇ ಉಂಗುರ ಬೇಕು ಅಂತ ಆಸೆಪಡುವವರು ಬಹಳ ಮಂದಿ. ಅಂಗಡಿಯಲ್ಲಿ ಕೂತಾಗ ಮಾತೆಲ್ಲ ವಜ್ರದ ಸುತ್ತಲೇ ತಿರುಗುತ್ತದೆ. ಆದರೆ ಈ ಉಂಗುರದಲ್ಲಿ ಎಚ್ಚರ ಬೇಕಿರುವುದು ಪಚ್ಚೆಯ ವಿಷಯದಲ್ಲಿ. ಅದನ್ನು ಆರಿಸಿದ ಮೇಲೆ ಉಳಿದದ್ದು ಸುಲಭ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ‘ಎಮರಾಲ್ಡ್ ಕಟ್’ ಅಂದರೆ ಪಚ್ಚೆ ಅಲ್ಲ. ಅದು ಮೂಲೆ ಕತ್ತರಿಸಿದ ಆಯತದಂಥ ಆಕಾರದ ಹೆಸರು. ವಜ್ರವನ್ನೂ ಹಾಗೆ ಕತ್ತರಿಸುತ್ತಾರೆ. ಫೋನಿನಲ್ಲಿ ಆರ್ಡರ್ ಕೊಡುವಾಗ ಬಿಡಿಸಿ ಹೇಳಿ.

ದಿನಾ ಹಾಕುವುದಕ್ಕೋ, ಹಬ್ಬಕ್ಕೋ?

ಗಡಸುತನದ ಅಳತೆಯಲ್ಲಿ ವಜ್ರ 10, ಪಚ್ಚೆ 7.5ರಿಂದ 8. ಅದಕ್ಕಿಂತ ಮುಖ್ಯ, ಪಚ್ಚೆಯೊಳಗೆ ಹುಟ್ಟಿನಿಂದಲೇ ಸಣ್ಣ ಬಿರುಕುಗಳಿರುತ್ತವೆ. ಸಿಂಕಿನ ಅಂಚಿಗೆ ಜೋರಾಗಿ ತಾಗಿದರೆ ಚೂರು ಹಾರಬಹುದು. ದಿನಾ ಹಾಕುವ ಉಂಗುರವಾದರೆ ಕಲ್ಲು ತಗ್ಗಾಗಿ ಕೂತಿರಲಿ, ಸುತ್ತಲೂ ಚಿನ್ನದ ಅಂಚು ಇರಲಿ. ಎತ್ತರಕ್ಕೆ ನಾಲ್ಕು ಕೊಕ್ಕೆಯಲ್ಲಿ ನಿಲ್ಲಿಸಿದ್ದು ಚೆಂದ ಕಾಣುತ್ತದೆ, ಆದರೆ ಮದುವೆ ಮುಂಜಿಗೆ ಮಾತ್ರ ಸರಿ.

ಬಾಗಿಲ ಬೆಳಕಿಗೆ ತನ್ನಿ

ಅಂಗಡಿಯ ದೀಪದ ಕೆಳಗೆ ಎಲ್ಲ ಕಲ್ಲೂ ಹೊಳೆಯುತ್ತದೆ. ಬಾಗಿಲ ಹತ್ತಿರ ಹಗಲು ಬೆಳಕಿನಲ್ಲಿ ನೋಡಿ. ಬಣ್ಣ ಗಾಢವಾಗಿರಬೇಕು, ಆದರೆ ಕಪ್ಪಗಾಗಬಾರದು. ತೀರಾ ತಿಳಿ ಹಸಿರಾದರೆ ಅದನ್ನು ಪಚ್ಚೆ ಅನ್ನದೆ ಹಸಿರು ಬೆರಿಲ್ ಅನ್ನುತ್ತಾರೆ, ಬೆಲೆಯೂ ಕಡಿಮೆ. ಕಲ್ಲಿನ ನಡುವಿನಿಂದ ನಿಮ್ಮ ಬೆರಳಿನ ಚರ್ಮ ಗಾಜಿನ ಕಿಟಕಿಯಲ್ಲಿ ಕಂಡಂತೆ ಕಂಡರೆ ಕಟಿಂಗ್ ಸರಿಯಿಲ್ಲ ಅಂತ ಅರ್ಥ.

ಈಗ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಕೇಳಿ. ಒಳಗೆ ಪಾಚಿಯಂಥ ಎಳೆ, ಮೋಡದಂಥ ಮಬ್ಬು ಕಾಣಬೇಕು. ಒಳ್ಳೆಯ ಕೊಲಂಬಿಯಾ ಪಚ್ಚೆಯಲ್ಲಿ ಕೆಲವೊಮ್ಮೆ ಇನ್ನೂ ಸೋಜಿಗದ್ದು ಸಿಗುತ್ತದೆ: ಚೂಪು ಅಂಚಿನ ಪುಟ್ಟ ಗೂಡು, ಅದರಲ್ಲಿ ದ್ರವ, ದ್ರವದಲ್ಲಿ ಒಂದು ಗುಳ್ಳೆ, ಪಕ್ಕದಲ್ಲೇ ಚೌಕನೆಯ ಉಪ್ಪಿನ ಹರಳು. ಇದನ್ನು ನೋಡಲು ಸೂಕ್ಷ್ಮದರ್ಶಕವೇ ಬೇಕಾಗಬಹುದು. ಒಂದೂ ಕಲೆಯಿಲ್ಲದ ದೊಡ್ಡ ಪಚ್ಚೆ ಅಗ್ಗಕ್ಕೆ ಸಿಕ್ಕರೆ ಖುಷಿಪಡಬೇಡಿ, ಅನುಮಾನಪಡಿ. ಅದು ಲ್ಯಾಬಿನಲ್ಲಿ ಬೆಳೆಸಿದ್ದಿರಬಹುದು. ಗುಂಡನೆಯ ಗುಳ್ಳೆ ಕಂಡರೆ ಗಾಜಿರಬಹುದು. ಹಿಂಬದಿ ಪೂರ್ತಿ ಮುಚ್ಚಿದ ಉಂಗುರದಲ್ಲಿ ಇದ್ಯಾವುದೂ ತಿಳಿಯುವುದಿಲ್ಲ. ಅದಕ್ಕೇ ಕಲ್ಲನ್ನು ಬಿಡಿಯಾಗಿ ಆರಿಸಿ, ಆಮೇಲೆ ಉಂಗುರಕ್ಕೆ ಕಟ್ಟಿಸುವುದು ಒಳ್ಳೆಯದು.

ಎಣ್ಣೆ ಎಷ್ಟು ಕುಡಿಸಿದ್ದಾರೆ?

ಈ ಪ್ರಶ್ನೆಯನ್ನು ಕೇಳದೆ ಎದ್ದು ಬರಬೇಡಿ. ಬಿರುಕು ಕಾಣದ ಹಾಗೆ ಪಚ್ಚೆಗೆ ಸೀಡರ್ ಎಣ್ಣೆಯನ್ನೋ ರಾಳವನ್ನೋ ತುಂಬುವುದು ಹಳೆಯ ಪದ್ಧತಿ. ಮಾರುಕಟ್ಟೆಯ ಬಹುಪಾಲು ಪಚ್ಚೆಗೆ ಇದು ಆಗಿರುತ್ತದೆ. ತುಂಬುವುದು ತಪ್ಪಲ್ಲ, ಮುಚ್ಚಿಟ್ಟು ಮಾರುವುದು ತಪ್ಪು. ಎಷ್ಟು ತುಂಬಿದ್ದಾರೆ ಅನ್ನುವುದನ್ನು ಲ್ಯಾಬ್ ರಿಪೋರ್ಟಿನಲ್ಲಿ ಮೈನರ್ (ಕಡಿಮೆ), ಮಾಡರೇಟ್ (ಮಧ್ಯಮ), ಸಿಗ್ನಿಫಿಕೆಂಟ್ (ಹೆಚ್ಚು) ಅಂತ ಬರೆದಿರುತ್ತಾರೆ. ಮೈನರ್ ಇದ್ದರೆ ನಿಶ್ಚಿಂತೆ. ಸಿಗ್ನಿಫಿಕೆಂಟ್ ಅಂದರೆ ಬಿರುಕು ಬಹಳ ಇವೆ ಅಂತ. ಅದಕ್ಕೆ ದೊಡ್ಡ ಬೆಲೆ ಕೊಡಬೇಡಿ. ಜೈಪುರದ ಐಐಜಿಜೆ-ಆರ್‌ಎಲ್‌ಸಿ (ಮೊದಲಿನ ಹೆಸರು ಜೆಮ್ ಟೆಸ್ಟಿಂಗ್ ಲ್ಯಾಬೊರೇಟರಿ), ಅಮೆರಿಕದ ರತ್ನ ಪರೀಕ್ಷಾ ಸಂಸ್ಥೆ ಜಿಐಎ ಇಂಥ ಕಡೆಯ ರಿಪೋರ್ಟ್ ಕೇಳಿ. ಅಂಗಡಿಯವರೇ ಮುದ್ರಿಸಿದ ಕಾರ್ಡ್ ಲೆಕ್ಕಕ್ಕಿಲ್ಲ. ‘ಇದು ಕೊಲಂಬಿಯಾದ್ದು’ ಅಂತ ಬಾಯಿಮಾತಿನಲ್ಲಿ ಹೇಳಿದ್ದಕ್ಕೂ ಜಾಸ್ತಿ ದುಡ್ಡು ಕೊಡಬೇಡಿ. ಜಾಂಬಿಯಾದ ಕಾಗೆಮ್ ಗಣಿಯಿಂದಲೂ ಬಹಳ ಸೊಗಸಾದ, ತುಸು ನೀಲಿ ಛಾಯೆಯ ಪಚ್ಚೆ ಬರುತ್ತದೆ.

ತೂಕವನ್ನು ಕ್ಯಾರೆಟ್ಟಿನಲ್ಲೇ ಕೇಳಿ. 1 ಕ್ಯಾರೆಟ್ ಅಂದರೆ 0.2 ಗ್ರಾಂ, ಎಲ್ಲ ಕಡೆ ಒಂದೇ. ಹಳೆಯ ತೂಕದ ಅಳತೆಯಾದ ರತ್ತಿ ಹಾಗಲ್ಲ, ಒಬ್ಬೊಬ್ಬರದು ಒಂದೊಂದು ಲೆಕ್ಕ.

ವಜ್ರ, ಚಿನ್ನ, ಬಿಲ್

ಸುತ್ತಲಿನ ಪುಟ್ಟ ವಜ್ರಗಳಿಗೆ ಅತಿ ದುಬಾರಿ ದರ್ಜೆ ಬೇಕಿಲ್ಲ. ಹಳದಿ ಚಿನ್ನದಲ್ಲಿ ಜಿ-ಎಚ್ ಬಣ್ಣ (ಹೆಚ್ಚುಕಡಿಮೆ ಬಿಳಿ), ವಿಎಸ್ ಶುದ್ಧತೆ (ಒಳಗಿನ ಕಲೆ ಬಹಳ ಸಣ್ಣದು) ಧಾರಾಳವಾಗಿ ಸಾಕು. ಆ ದುಡ್ಡನ್ನು ಪಚ್ಚೆಗೆ ಹಾಕಿ. ವಜ್ರ ನೈಸರ್ಗಿಕವೋ ಲ್ಯಾಬ್‌ನದ್ದೋ ಅಂತ ಬಿಲ್ಲಿನಲ್ಲಿ ಬರೆಸಿ. ಪೆನ್ನಿನಂಥ ಮಾಮೂಲಿ ಟೆಸ್ಟರ್ ಆ ವ್ಯತ್ಯಾಸ ಹೇಳುವುದಿಲ್ಲ.

ಚಿನ್ನ 18 ಕ್ಯಾರೆಟ್ ಇರಲಿ (ಚಿನ್ನದಲ್ಲಿ ಕ್ಯಾರೆಟ್ ಅಂದರೆ ಶುದ್ಧತೆ, ತೂಕವಲ್ಲ). 22 ಮೆದು, ಕೊಕ್ಕೆ ಬೇಗ ಬಾಗುತ್ತದೆ. ಉಂಗುರದ ಒಳಗೆ 750 ಅನ್ನುವ ಅಂಕಿ (ಸಾವಿರಕ್ಕೆ 750 ಪಾಲು ಚಿನ್ನ), ಸರ್ಕಾರಿ ಮಾನಕ ಸಂಸ್ಥೆ ಬಿಐಎಸ್‌ನ ಗುರುತು, ಎಚ್‌ಯುಐಡಿ ಅನ್ನುವ ಆರು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ ಇದೆಯಾ ನೋಡಿ. ಈ ಗುರುತುಗಳಿಗೇ ಹಾಲ್‌ಮಾರ್ಕ್ ಅನ್ನುವುದು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿ ಅಲ್ಲೇ ಪರೀಕ್ಷಿಸಬಹುದು. ಆದರೆ ಹಾಲ್‌ಮಾರ್ಕ್ ಇರುವುದು ಚಿನ್ನಕ್ಕೆ ಮಾತ್ರ, ಕಲ್ಲಿಗಲ್ಲ.

ಬಿಲ್ಲಿನಲ್ಲಿ ಕಲ್ಲು ಕಳೆದ ಚಿನ್ನದ ತೂಕ, ಮೇಕಿಂಗ್ ಚಾರ್ಜ್, ಪಚ್ಚೆ, ವಜ್ರ ಎಲ್ಲ ಬೇರೆ ಬೇರೆ ಇರಬೇಕು. ಇಲ್ಲವಾದರೆ ಕಲ್ಲಿನ ತೂಕಕ್ಕೂ ಚಿನ್ನದ ರೇಟು ಬಿದ್ದುಬಿಡುತ್ತದೆ. ವಾಪಸ್ ಕೊಟ್ಟರೆ ಕಲ್ಲಿಗೆ ಎಷ್ಟು ಕೊಡುತ್ತಾರೆ ಅಂತಲೂ ಬರೆಸಿಕೊಳ್ಳಿ.

ಬೆರಳಿನ ಅಳತೆಯನ್ನು ಸಂಜೆ ಕೊಡಿ. ಬೆಳಗ್ಗೆಗಿಂತ ಆಗ ಬೆರಳು ತುಸು ಊದಿರುತ್ತದೆ. ಆಮೇಲೆ ಸೈಜ್ ಮಾಡಿಸುವಾಗ ಪಚ್ಚೆ ಬಿಚ್ಚದೆ ಬೆಂಕಿ ತಾಗಿಸಿದರೆ ಕಲ್ಲು ಹಾಳು. ತೊಳೆಯಲು ಉಗುರು ಬೆಚ್ಚಗಿನ ನೀರು, ತುಸು ಸೋಪು, ಮೆತ್ತನೆಯ ಬ್ರಷ್ ಸಾಕು. ಅಂಗಡಿಯವರು ಫ್ರೀಯಾಗಿ ಅಲ್ಟ್ರಾಸಾನಿಕ್ ಮಷಿನ್ನಿನಲ್ಲೋ ಹಬೆಯಲ್ಲೋ ಕ್ಲೀನ್ ಮಾಡಿಕೊಡುತ್ತೇವೆ ಅಂದರೆ ಬೇಡ ಅನ್ನಿ. ವಜ್ರಕ್ಕೆ ಅದು ಸರಿ, ಪಚ್ಚೆಯ ಎಣ್ಣೆ ಹೊರಗೆ ಬಂದು ಬಿರುಕುಗಳೆಲ್ಲ ಬೆಳ್ಳಗೆ ಕಾಣತೊಡಗುತ್ತವೆ.