ಅಬ್ರೇಸಿವ್ ನೈಲಾನ್ ಬ್ರಷ್‌ನಿಂದ ಬರ್ ತೆಗೆಯುವ ಕ್ರಮ

ಮೈಸೂರಿನ ಹೆಬ್ಬಾಳ, ಹೂಟಗಳ್ಳಿಯಲ್ಲಾಗಲಿ ಮಂಡ್ಯದ ತೂಬಿನಕೆರೆಯಲ್ಲಾಗಲಿ, ಜಾಬ್‌ವರ್ಕ್ ಮಾಡುವ ಸಣ್ಣ ಘಟಕಗಳಲ್ಲಿ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರ ಕೆಲವೇ ನಿಮಿಷಗಳಲ್ಲಿ ಮುಗಿಸಿದ ಭಾಗವು ಬರ್, ಅಂದರೆ ಕತ್ತರಿಸಿದ ಅಂಚಿನಲ್ಲಿ ಉಳಿಯುವ ಚೂಪಾದ ಲೋಹದ ಚೂರು, ತೆಗೆಯುವ ಮೇಜಿನ ಮೇಲೆ ಅದಕ್ಕಿಂತ ಹೆಚ್ಚು ಹೊತ್ತು ಕಾಯುವುದುಂಟು. ಅರ ಹಿಡಿದ ಕೈ ಬದಲಾದಂತೆ ಅಂಚಿನ ರೂಪವೂ ಬದಲಾಗುತ್ತದೆ. ಯಂತ್ರದ ತಿರುಗುವ ದಂಡವಾದ ಸ್ಪಿಂಡಲ್‌ಗೆ ಅಬ್ರೇಸಿವ್ (ಉಜ್ಜಿ ಸವೆಸುವ) ನೈಲಾನ್ ಡಿಸ್ಕ್ ಬ್ರಷ್ ಕಟ್ಟಿದರೆ, ಭಾಗವನ್ನು ಹಿಡಿದಿಡುವ ಫಿಕ್ಸ್‌ಚರ್‌ನಿಂದ ಬಿಚ್ಚುವ ಮೊದಲೇ ಇದೇ ಕೆಲಸವನ್ನು ಒಂದೇ ಸಮನಾಗಿ ಮುಗಿಸಬಹುದು.

ಮೊದಲು ಬರ್ ಎಂಥದ್ದೆಂದು ನೋಡಬೇಕು. ಅದರ ಎತ್ತರಕ್ಕಿಂತ ಬುಡದ ದಪ್ಪ ಮುಖ್ಯ. ಹಿತ್ತಾಳೆ ಕಡ್ಡಿಯಿಂದ ತಳ್ಳಿದಾಗ ಸುಲಭವಾಗಿ ಬಾಗುವ ತೆಳು ಬರ್ ಬ್ರಷ್‌ಗೆ ಸಿಗುತ್ತದೆ. ಬುಡ ದಪ್ಪವಾಗಿದ್ದರೆ ಬ್ರಷ್ ಅದನ್ನು ಕತ್ತರಿಸುವ ಬದಲು ರಂಧ್ರದೊಳಕ್ಕೆ ಮಡಚಿಬಿಡುತ್ತದೆ. ಅಂಥಲ್ಲಿ ಸವೆದ ಇನ್ಸರ್ಟ್ (ಟೂಲಿನ ಕತ್ತರಿಸುವ ತುಣುಕು) ಬದಲಿಸುವುದು ಅಥವಾ ಅಂಚನ್ನು ಓರೆಯಾಗಿ ಕತ್ತರಿಸುವ ಚಾಂಫರ್ ಟೂಲ್ ಒಮ್ಮೆ ಓಡಿಸುವುದೇ ಸರಿಯಾದ ದಾರಿ. ಮೊಂಡಾದ ಟೂಲಿನ ತಪ್ಪನ್ನು ಬ್ರಷ್‌ನಿಂದ ಮುಚ್ಚಲು ಹೊರಟರೆ ಇನ್ಸರ್ಟ್ ಉಳಿಯಬಹುದು, ಆದರೆ ಬ್ರಷ್ ಹಾಳಾಗುತ್ತದೆ.

ಈ ಬ್ರಷ್‌ನ ಎಳೆಗಳಲ್ಲಿ ಅಬ್ರೇಸಿವ್ ಕಣಗಳು ಮೇಲೆ ಅಂಟಿಸಿದವಲ್ಲ. ನೈಲಾನ್‌ನ ಉದ್ದಕ್ಕೂ ಒಳಗೆ ಬೆರೆತಿರುತ್ತವೆ. ಆದ್ದರಿಂದ ಎಳೆ ಸವೆದಂತೆ ಹೊಸ ಕಣಗಳು ಹೊರಬರುತ್ತವೆ, ತುದಿಯಷ್ಟೇ ಅಲ್ಲದೆ ಎಳೆಯ ಪಕ್ಕವೂ ಅರದಂತೆ ಉಜ್ಜುತ್ತದೆ. ಸಾಮಾನ್ಯ ಕೆಲಸಕ್ಕೆ ಸಿಲಿಕಾನ್ ಕಾರ್ಬೈಡ್ ಸಾಕು. ಗಟ್ಟಿ ಉಕ್ಕಿಗೆ ಸೆರಾಮಿಕ್ ಕಣದ ಬ್ರಷ್ ಬೇಗ ಕೆಲಸ ಮಾಡುತ್ತದೆ. ಗ್ರಿಟ್ ಸಂಖ್ಯೆ ಕಡಿಮೆಯಿದ್ದಷ್ಟು ಕಣ ದೊಡ್ಡದು: 80 ಗ್ರಿಟ್ ಒರಟು, 320 ನಯ. ಉಕ್ಕಿನ ಭಾಗಕ್ಕೆ 120ರಿಂದ ಆರಂಭಿಸಿ ನೋಡುವುದು ಅನುಕೂಲ. ಎಳೆ ಗಿಡ್ಡವಿದ್ದರೆ ಬ್ರಷ್ ಬಿರುಸು, ಉದ್ದವಿದ್ದರೆ ಮೆದು ಎಂಬುದನ್ನೂ ಖರೀದಿಸುವಾಗ ನೆನಪಿಡಬೇಕು.

ಬ್ರಷ್ ಕಟ್ಟಿದ ಮೇಲೆ ಸ್ಪಿಂಡಲನ್ನು ನಿಧಾನವಾಗಿ ಇಳಿಸಿ, ಎಳೆಯ ತುದಿ ಭಾಗದ ಮೇಲ್ಮೈಯನ್ನು ಆಗಷ್ಟೇ ಮುಟ್ಟುವ ಎತ್ತರವನ್ನು ಸೊನ್ನೆ ಎಂದು ಗುರುತಿಸಬೇಕು. ಅಲ್ಲಿಂದ 1.5 ಅಥವಾ 2 ಮಿ.ಮೀ. ಮಾತ್ರ ಕೆಳಗಿಳಿಸಿ ಮೊದಲ ಭಾಗವನ್ನು ಓಡಿಸಬೇಕು. ಹೆಚ್ಚಿನ ತೊಂದರೆ ಹುಟ್ಟುವುದು ಇಲ್ಲಿಯೇ. ಬರ್ ಉಳಿದದ್ದು ಕಂಡ ಕೂಡಲೇ ಆಪರೇಟರ್‌ಗೆ ಇನ್ನೊಂದು ಮಿಲಿಮೀಟರ್ ಒತ್ತುವ ಮನಸ್ಸಾಗುತ್ತದೆ. ಕಡ್ಡಿಪೊರಕೆಯನ್ನು ನೆಲಕ್ಕೆ ಅದುಮಿ ಹಿಡಿದರೆ ಕಡ್ಡಿಗಳು ಹರಡಿ ಕಸ ಅಲ್ಲೇ ಉಳಿಯುವಂತೆ, ಅತಿಯಾಗಿ ಒತ್ತಿದ ಎಳೆಗಳು ಮಡಚಿ ಅಂಚನ್ನು ಬಿಟ್ಟು ಜಾರುತ್ತವೆ, ಬಿಸಿಯಾಗುತ್ತವೆ, ಬುಡದಲ್ಲಿ ಮುರಿಯುತ್ತವೆ. ಬರ್ ಹೋಗದಿದ್ದರೆ ಫೀಡ್ (ಬ್ರಷ್ ಭಾಗದ ಮೇಲೆ ಮುಂದೆ ಸಾಗುವ ವೇಗ) ಕಡಿಮೆ ಮಾಡಬೇಕು ಅಥವಾ ಇನ್ನಷ್ಟು ಒರಟಾದ ಗ್ರಿಟ್‌ಗೆ ಹೋಗಬೇಕು. ಆಳವನ್ನು ಮುಟ್ಟುವುದು ಕೊನೆಗೆ.

ವೇಗದ ಮಾತೂ ಹೀಗೆಯೇ. 100 ಮಿ.ಮೀ. ವ್ಯಾಸದ ಬ್ರಷ್ ನಿಮಿಷಕ್ಕೆ 1500 ಸುತ್ತು ತಿರುಗಿದರೆ ಅದರ ಹೊರ ಅಂಚು ಸೆಕೆಂಡಿಗೆ ಸುಮಾರು 7.9 ಮೀಟರ್ ವೇಗದಲ್ಲಿ ಚಲಿಸುತ್ತದೆ, ಆರಂಭಕ್ಕೆ ಇದು ಯೋಗ್ಯ. ಭಾಗದ ಮೇಲೆ ಮಸುಕಾದ, ಅಂಟಿನಂಥ ಪಟ್ಟೆ ಮೂಡಿದರೆ ನೈಲಾನ್ ಕರಗಿ ಬಳಿದುಕೊಂಡಿದೆ ಎಂದರ್ಥ: ಸುತ್ತು ಇಳಿಸಬೇಕು, ಆಳ ಕಡಿಮೆ ಮಾಡಬೇಕು, ಇಲ್ಲವೇ ಕೂಲೆಂಟ್ (ತಂಪು ಮಾಡುವ ದ್ರವ) ಹರಿಸಬೇಕು. ಕೂಲೆಂಟ್ ಹರಿಸುವುದಾದರೆ ಉದುರಿದ ಕಣಗಳು ಪಂಪಿಗೆ ಹೋಗದಂತೆ ಫಿಲ್ಟರ್ ಇರಲೇಬೇಕು. ಬ್ರಷ್ ಮೇಲೆ ತಯಾರಕರು ಮುದ್ರಿಸಿರುವ ಗರಿಷ್ಠ ವೇಗವನ್ನು ಯಾವ ಕಾರಣಕ್ಕೂ ಮೀರಬಾರದು.

ಒಂದು ಸಲ ಬಲಕ್ಕೆ, ಮತ್ತೊಂದು ಸಲ ಎಡಕ್ಕೆ ತಿರುಗಿಸಿ ಅದೇ ದಾರಿಯಲ್ಲಿ ಓಡಿಸಿದರೆ ರಂಧ್ರ ಮತ್ತು ತೋಡುಗಳ ಎರಡೂ ಅಂಚುಗಳು ಸಮನಾಗುತ್ತವೆ; ಎಳೆಗಳೂ ಒಂದೇ ಕಡೆಗೆ ವಾಲದೆ ಹೆಚ್ಚು ಕಾಲ ಬಾಳುತ್ತವೆ. ಡಿಸ್ಕ್‌ನ ನಡುಭಾಗದಲ್ಲಿ ವೇಗ ತೀರಾ ಕಡಿಮೆಯಾದ್ದರಿಂದ, ಅಂಚುಗಳು ಬ್ರಷ್‌ನ ಹೊರವಲಯಕ್ಕೆ ಸಿಗುವಂತೆ ದಾರಿಯನ್ನು ಸ್ವಲ್ಪ ಸರಿಸಬೇಕು. ಕ್ಲ್ಯಾಂಪ್ ಬೋಲ್ಟುಗಳ ತಲೆ ಮೇಲ್ಮೈಗಿಂತ ಎತ್ತರದಲ್ಲಿದ್ದರೆ ಬ್ರಷ್ ಅಲ್ಲೇ ಸವೆಯುತ್ತದೆ.

ಒಂದು ರಂಧ್ರ ಮತ್ತೊಂದನ್ನು ಅಡ್ಡ ಹಾಯುವ ಜಾಗಕ್ಕೆ ಡಿಸ್ಕ್ ಬ್ರಷ್ ತಲುಪುವುದಿಲ್ಲ. ಅಲ್ಲಿಗೆ ಎಳೆಯ ತುದಿಗಳಲ್ಲಿ ಅಬ್ರೇಸಿವ್ ಗುಂಡುಗಳಿರುವ ಹೋನ್ (ರಂಧ್ರದ ಒಳಮೈ ಉಜ್ಜುವ ಸಾಧನ) ಬೇಕು. ಎಣ್ಣೆ ಹಚ್ಚಿದ ಈ ಹೋನ್ ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ತಿರುಗುತ್ತಲೇ ಇರಬೇಕು.

ಸುರಕ್ಷಾ ಕನ್ನಡಕ ಕಡ್ಡಾಯ, ಮುರಿದ ಎಳೆ ಕಣ್ಣಿಗೆ ಬಡಿಯುವಷ್ಟು ವೇಗದಲ್ಲಿ ಹಾರುತ್ತದೆ. ತಿರುಗುವ ಬ್ರಷ್‌ನ ಬಳಿ ಕೈಗವಸು ತೊಡಬಾರದು. ಅಲ್ಯೂಮಿನಿಯಂ ದೂಳಿಗೆ ಕಿಡಿ ತಗುಲಿದರೆ ಸ್ಫೋಟವಾಗಬಹುದಾದ್ದರಿಂದ, ಅದನ್ನು ಉಕ್ಕಿನ ದೂಳಿನೊಂದಿಗೆ ಒಂದೇ ಚೀಲದಲ್ಲಿ ಸೇರಿಸಬಾರದು.

ಪರೀಕ್ಷೆಗೆ ಬೆರಳು ಬೇಡ. ಹತ್ತಿಯನ್ನು ಅಂಚಿನ ಮೇಲೆ ಎಳೆದಾಗ ನೂಲು ಸಿಕ್ಕಿಕೊಂಡರೆ ಬರ್ ಉಳಿದಿದೆ. ಡ್ರಾಯಿಂಗ್‌ನಲ್ಲಿ ಐಎಸ್‌ಒ 13715ರ (ಅಂಚಿನ ರೂಪ ಸೂಚಿಸುವ ಅಂತರರಾಷ್ಟ್ರೀಯ ಮಾನದಂಡ) ಅಂಚಿನ ಸಂಕೇತ ಕೊಟ್ಟಿದ್ದರೆ, ಬರ್ ಹೋಗಿದ್ದರಷ್ಟೇ ಸಾಲದು, ಅಂಚು ಆ ಮಿತಿಯೊಳಗಿದೆಯೇ ಎಂದು ಅಳೆಯಬೇಕು. ಹೈಡ್ರಾಲಿಕ್ ಭಾಗಗಳನ್ನಂತೂ ತೊಳೆದು, ಗಾಳಿ ಊದಿ, ಒಳಗೆ ಎಳೆಯ ಚೂರು ಉಳಿದಿಲ್ಲವೆಂದು ಖಚಿತಪಡಿಸಿಕೊಂಡೇ ಕಳಿಸಬೇಕು. ಎಳೆ ಸವೆದು ಗಿಡ್ಡವಾದಂತೆ ಬ್ರಷ್ ಬಿರುಸಾಗುವುದರಿಂದ, ಪ್ರತಿ ಪಾಳಿಯ ಆರಂಭದಲ್ಲಿ ಸೊನ್ನೆಯ ಎತ್ತರವನ್ನು ಮತ್ತೆ ಹೊಂದಿಸಿ, ಇಳಿಸುವ ಆಳವನ್ನೂ ಕ್ರಮೇಣ ಕಡಿಮೆ ಮಾಡಿ, ಎರಡೂ ಅಂಕಿಗಳನ್ನು ಯಂತ್ರದ ಪಕ್ಕದ ಹಾಳೆಯಲ್ಲಿ ಬರೆದಿಡಬೇಕು.