ಎನ್‌ಐಸಿಯು ಸಿಸ್ಟರ್‌ಗಳಿಗೆ ಏನು ಕೊಡಬೇಕು, ಹೇಗೆ ಕೊಡಬೇಕು

ಎನ್‌ಐಸಿಯು, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿದ್ದ ಮಗುವನ್ನು ಮನೆಗೆ ಕರೆದೊಯ್ಯಬಹುದು ಎಂದು ಡಾಕ್ಟರು ಹೇಳಿದ ಮೇಲೆ ಮನೆಯಲ್ಲಿ ಒಂದು ಮಾತು ಬಂದೇ ಬರುತ್ತದೆ: ಸಿಸ್ಟರ್‌ಗಳಿಗೆ ಏನಾದರೂ ಕೊಡಬೇಕಲ್ಲ? ಕೊಡಬೇಕು, ನಿಜ. ವಾರಗಟ್ಟಲೆ ಹಗಲೂ ರಾತ್ರಿ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡವರು ಅವರು. ಆದರೆ ಆ ಘಟಕದ ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿಯದೆ ತಂದ ಉಡುಗೊರೆ ಅವರಿಗೇ ತೊಂದರೆಯಾಗುತ್ತದೆ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಲೆಕ್ಕ ಹಾಕಿ.

ನಿಮ್ಮ ಕಣ್ಣಿಗೆ ಬಿದ್ದವರು ನಾಲ್ಕೈದು ಸಿಸ್ಟರ್‌ಗಳು ಮಾತ್ರ. ಮಗುವನ್ನು ನೋಡಿಕೊಂಡವರು ಅದಕ್ಕಿಂತ ತುಂಬ ಹೆಚ್ಚು. ಹತ್ತು ವಾರ್ಮರ್‌ಗಳ (ಮಗುವನ್ನು ಬೆಚ್ಚಗಿಡುವ ಹಾಸಿಗೆಗಳ) ಒಂದು ಘಟಕ ಎಂದುಕೊಳ್ಳಿ. ಪಾಳಿಗೆ ನಾಲ್ವರು ಎಂದರೂ ಮೂರು ಪಾಳಿಗೆ ಹನ್ನೆರಡು ಜನ. ವಾರದ ರಜೆ, ನೈಟ್ ಆಫ್‌ನಲ್ಲಿರುವವರು ಮೂರ್ನಾಲ್ಕು ಜನ. ಸಿಸ್ಟರ್ ಇನ್‌ಚಾರ್ಜ್ ಒಬ್ಬರು. ಆಯಾಗಳು, ಹೌಸ್‌ಕೀಪಿಂಗ್‌ನವರು ಐದಾರು ಮಂದಿ, ಡ್ಯೂಟಿ ಡಾಕ್ಟರು ಮೂರ್ನಾಲ್ಕು. ಎಲ್ಲ ಸೇರಿ ಇಪ್ಪತ್ತೇಳರ ತನಕ ಆಯಿತು. ಹನ್ನೆರಡು ಪೇಡೆಯ ಪೊಟ್ಟಣ ಒಯ್ದರೆ ಯಾರಿಗೆ ಕೊಡುವುದು, ಯಾರಿಗೆ ಬಿಡುವುದು ಎಂಬ ಮುಜುಗರ ಅವರ ತಲೆಗೆ ಬರುತ್ತದೆ. ಇನ್‌ಚಾರ್ಜ್ ಸಿಸ್ಟರನ್ನು ಕೇಳಿ, "ಒಟ್ಟು ಎಷ್ಟು ಜನ ಇದ್ದೀರಿ, ಸಿಸ್ಟರ್?" ಅಂತ. ಸಂಖ್ಯೆ ಹೇಳುತ್ತಾರೆ. ಅದೇ ಉಸಿರಿನಲ್ಲಿ ಉಡುಗೊರೆ ತೆಗೆದುಕೊಳ್ಳಲು ಆಸ್ಪತ್ರೆಯಲ್ಲಿ ಅನುಮತಿ ಇದೆಯೇ ಎಂದೂ ಕೇಳಿ. ಎಷ್ಟೋ ಖಾಸಗಿ ಆಸ್ಪತ್ರೆಗಳಲ್ಲಿ ಒಬ್ಬೊಬ್ಬರಿಗೆ ಬೇರೆಯಾಗಿ ಕೊಡುವುದಕ್ಕೆ ತಡೆ ಇದೆ, ಇಡೀ ಘಟಕಕ್ಕೆಂದು ಕೊಟ್ಟ ತಿಂಡಿಗೆ ಅಡ್ಡಿಯಿಲ್ಲ.

ದುಡ್ಡು ಮಾತ್ರ ಬೇಡ. ಕವರ್‌ನಲ್ಲಿಟ್ಟರೂ ಬೇಡ, ಗಿಫ್ಟ್ ಕಾರ್ಡ್ ರೂಪದಲ್ಲೂ ಬೇಡ. ಸರ್ಕಾರಿ ಆಸ್ಪತ್ರೆಯಲ್ಲಂತೂ ಖಂಡಿತ ಬೇಡ. 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾದ ಮೇಲೆ ಲಂಚ ಕೊಡುವುದೂ ಅಪರಾಧವೇ. ಯಾರಾದರೂ ಒತ್ತಾಯ ಮಾಡಿ ಕಿತ್ತುಕೊಂಡಿದ್ದರೆ ಏಳು ದಿನದೊಳಗೆ ದೂರು ಕೊಡಲು ಅದೇ ಕಾಯ್ದೆಯಲ್ಲಿ ಅವಕಾಶವಿದೆ. "ನಾವು ಖುಷಿಯಿಂದ ಕೊಟ್ಟೆವು" ಅನ್ನಬಹುದು. ಆದರೆ ನೀವು ಖುಷಿಯಿಂದ ಕೊಟ್ಟ ಐನೂರು ರೂಪಾಯಿ ನಾಳೆ ಬರುವ ಬಡ ಬಾಣಂತಿಯ ಮುಂದೆ ರೇಟಾಗಿ ನಿಲ್ಲುತ್ತದೆ. ಗಂಡಾದರೆ ಇಷ್ಟು, ಹೆಣ್ಣಾದರೆ ಇಷ್ಟು ಎಂದು ಕೈಚಾಚುವ ಕೆಟ್ಟ ಪದ್ಧತಿ ಹೀಗೆಯೇ ಬೇರು ಬಿಟ್ಟಿದ್ದು. ನೀತಿಯಿಂದ ದುಡಿಯುವ ಸಿಸ್ಟರ್‌ಗಳಿಗೂ ಅದರಿಂದಲೇ ಕೆಟ್ಟ ಹೆಸರು.

ಕೊಡುವುದು ಯಾವಾಗ? ಮಗು ಒಳಗಿರುವಾಗ ಏನನ್ನೂ ಕೊಡಬೇಡಿ. ನಮ್ಮ ಮಗುವನ್ನು ಹೆಚ್ಚು ನೋಡಿಕೊಳ್ಳಲಿ ಎಂದು ಕೊಟ್ಟ ಹಾಗೆ ಕಾಣುತ್ತದೆ, ಪಕ್ಕದ ವಾರ್ಮರ್‌ನ ತಾಯಿಗೆ ಮನಸ್ಸು ಹಿಂಡುತ್ತದೆ. ಡಿಸ್ಚಾರ್ಜ್ ದಿನವೂ ಅಷ್ಟು ಒಳ್ಳೆಯದಲ್ಲ. ಬಿಲ್ಲು, ಡಿಸ್ಚಾರ್ಜ್ ಸಮ್ಮರಿ, ಔಷಧಿ, ಲಸಿಕೆ ಎಂಬ ಗಡಿಬಿಡಿಯಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ. ವಾರ ಕಳೆದು ತೂಕ ನೋಡಲೋ ಕಣ್ಣು ಪರೀಕ್ಷೆಗೋ ಮಗುವನ್ನು ಮತ್ತೆ ಕರೆತರುತ್ತೀರಲ್ಲ, ಆ ದಿನ ಒಯ್ಯಿರಿ. ಬಹಳಷ್ಟು ಆಸ್ಪತ್ರೆಗಳಲ್ಲಿ ಬೆಳಗಿನ ಪಾಳಿ 8ರಿಂದ 2, ಮಧ್ಯಾಹ್ನದ್ದು 2ರಿಂದ 8, ರಾತ್ರಿಯದು 8ರಿಂದ ಬೆಳಗಿನ 8. ಪಾಳಿ ಬದಲಾಗುವ ಅರ್ಧ ಗಂಟೆ ಹ್ಯಾಂಡೋವರ್ ನಡೆಯುತ್ತದೆ. ಯಾವ ಮಗುವಿಗೆ ಯಾವ ಔಷಧಿ, ಎಷ್ಟು ಮಿಲಿ ಹಾಲು ಎಂದು ಒಬ್ಬರು ಹೇಳಿ ಇನ್ನೊಬ್ಬರು ಬರೆದುಕೊಳ್ಳುವ ಹೊತ್ತು ಅದು. ಆಗ ಬಾಗಿಲು ತಟ್ಟಲೇಬೇಡಿ.

ಇನ್ನು ತಿಂಡಿ. ಎಲ್ಲರೂ ಕೊಡುವುದು ಅದನ್ನೇ, ತಪ್ಪುವುದೂ ಅದರಲ್ಲೇ. ಹನ್ನೊಂದು ಗಂಟೆಗೆ ಕೊಟ್ಟ ಸಿಹಿ ಎರಡು ಗಂಟೆಯೊಳಗೆ ಖಾಲಿ, ಹನ್ನೆರಡು ಗಂಟೆ ದುಡಿಯುವ ರಾತ್ರಿ ಪಾಳಿಯವರಿಗೆ ಸಿಗುವುದು ಬರೀ ಡಬ್ಬ. ಅದಕ್ಕೇ ಮೂರು ಬೇರೆ ಪೊಟ್ಟಣ ಮಾಡಿ, ಮೇಲೆ "ಬೆಳಗಿನ ಪಾಳಿ", "ಮಧ್ಯಾಹ್ನದ ಪಾಳಿ", "ರಾತ್ರಿ ಪಾಳಿ" ಎಂದು ದಪ್ಪಕ್ಷರದಲ್ಲಿ ಬರೆದು ಇನ್‌ಚಾರ್ಜ್ ಸಿಸ್ಟರ್ ಕೈಗೆ ಕೊಡಿ. ಆಯಾಗಳಿಗೂ ಹೌಸ್‌ಕೀಪಿಂಗ್‌ನವರಿಗೂ ನಾಲ್ಕನೆಯ ಪೊಟ್ಟಣ ಇರಲಿ, ಅದನ್ನು ಅವರ ಕೈಗೇ ಕೊಡಿ. ಸಿಸ್ಟರ್‌ಗಳ ಮೇಜಿನ ಮೇಲಿಟ್ಟದ್ದು ಬಟ್ಟೆ ಒಗೆಯುವ, ನೆಲ ಒರೆಸುವವರ ತನಕ ಹೋಗುವುದು ಅಪರೂಪ. ಅವರು ನೆಲ ಸರಿಯಾಗಿ ಒರೆಸಿದ್ದೂ ಮಗುವಿಗೆ ಸೋಂಕು ತಗುಲದಿರಲು ಒಂದು ಕಾರಣ ಎಂಬುದು ನೆನಪಿರಲಿ.

ಯಾವ ತಿಂಡಿ ಎಂದರೆ, ಕೈಗೆ ಅಂಟದ್ದು, ಒಂದೊಂದಾಗಿ ಸುತ್ತಿದ್ದು, ಫ್ರಿಜ್ ಬೇಡದ್ದು, ಒಂದೇ ಬಾರಿಗೆ ಬಾಯಿಗೆ ಹಾಕಿಕೊಳ್ಳುವಂಥದ್ದು. ಮಗುವನ್ನು ಮುಟ್ಟುವ ಮೊದಲು ಮೊಣಕೈ ತನಕ ಕೈ ತೊಳೆಯುವ ಕೆಲಸ ಅವರದು. ತುಪ್ಪ ಸೋರುವ ಮೈಸೂರು ಪಾಕ್ ಎಷ್ಟೇ ರುಚಿಯಿರಲಿ, ಬೆರಳಿಗೆ ಜಿಡ್ಡು ಹತ್ತಿಸುತ್ತದೆ. ಕ್ರೀಮ್ ಕೇಕಿಗೆ ಚಾಕು ಬೇಕು, ತಟ್ಟೆ ಬೇಕು, ಫ್ರಿಜ್ ಬೇಕು. ಆ ವಾರ್ಡಿನ ಫ್ರಿಜ್ ಇರುವುದು ಔಷಧಿ, ಲಸಿಕೆ, ಹಾಲಿಗೆ, ಅದರಲ್ಲಿ ತಿಂಡಿ ಇಡುವಂತಿಲ್ಲ. ಖೋವಾ ಸಿಹಿ ಬೇಸಿಗೆಯಲ್ಲಿ ಬೇಗ ಹುಳಿಯುತ್ತದೆ. ನನ್ನ ಮೊದಲ ಆಯ್ಕೆ ಗೋಕಾಕ ಅಥವಾ ಅಮೀನಗಡದ ಕರದಂಟು. ಅಂಟು, ಒಣಹಣ್ಣು, ಬೆಲ್ಲದ ಗಟ್ಟಿ ತಿನಿಸು, ಹೊಟ್ಟೆಗೂ ಆಧಾರ, ಹಲವು ದಿನ ಕೆಡುವುದಿಲ್ಲ. ಇಪ್ಪತ್ತೇಳು ಜನಕ್ಕೆ ತಲಾ ಎರಡರಂತೆ ಐವತ್ತನಾಲ್ಕು ತುಂಡು, ತುಂಡು 25 ಗ್ರಾಂ ಎಂದರೆ ಒಂದೂವರೆ ಕೆಜಿ ಸಾಕು. ಬಟರ್ ಪೇಪರಿನಲ್ಲಿ ಒಂದೊಂದನ್ನೇ ಸುತ್ತಿ. ಕಡಲೆಬೀಜದ ಚಿಕ್ಕಿಯೂ ಆದೀತು.

ಅರ್ಧ ಸಿಹಿಯಾದರೆ ಅರ್ಧ ಖಾರ ಇರಲಿ. ಸಕ್ಕರೆ ಕಾಯಿಲೆಯವರು ಎಲ್ಲ ಕಡೆಯೂ ಇದ್ದಾರೆ. ಎಲ್ಲ ಮನೆಯವರೂ ತರುವ ಸಿಹಿ ತಿಂದು ಸಿಸ್ಟರ್‌ಗಳಿಗೆ ಸಾಕಾಗಿರುತ್ತದೆ, ರಾತ್ರಿ ಮೂರು ಗಂಟೆಗೆ ಬೇಕೆನಿಸುವುದು ಕೋಡುಬಳೆಯೋ ನಿಪ್ಪಟ್ಟೋ. ಪೊಟ್ಟಣಕ್ಕೆ ಎರಡು ನಿಪ್ಪಟ್ಟು ಅಥವಾ ಐದಾರು ಕೋಡುಬಳೆ ಹಾಕಿ ಬಿಗಿಯಾಗಿ ಕಟ್ಟಿ. ಚಮಚ ಬೇಕಾಗುವ ಅವಲಕ್ಕಿ, ಚೂಡಾ ಬೇಡ. ಹಣ್ಣಾದರೆ ಇಡಿಯಾದ ಏಲಕ್ಕಿ ಬಾಳೆ ಅಥವಾ ಕಿತ್ತಳೆ, ಕತ್ತರಿಸಿದ್ದು ಬೇಡ. ಅಂಗಡಿಯ ಸಿಹಿ ಕೊಳ್ಳುವಾಗ ತಟ್ಟೆಯ ಮುಂದಿರುವ ಚೀಟಿ ನೋಡಿ. 2020ರ ಅಕ್ಟೋಬರ್‌ನಿಂದ ಬಿಡಿ ಸಿಹಿಗೂ ಎಷ್ಟು ದಿನದೊಳಗೆ ತಿನ್ನಬೇಕೆಂಬ ತಾರೀಖು ಹಾಕಬೇಕೆಂದು ನಿಯಮವಿದೆ. ಮನೆಯಲ್ಲಿ ಮಾಡಿದ್ದಾದರೆ ಮಾಡಿದ ದಿನ, ಕಡಲೆಬೀಜ ಗೋಡಂಬಿ ಹಾಕಿದ್ದೀರೋ ಇಲ್ಲವೋ ಎಂದು ಚೀಟಿ ಅಂಟಿಸಿ. ಸಸ್ಯಾಹಾರವೇ ಇರಲಿ, ಮೊಟ್ಟೆಯೂ ಬೇಡ. ಕೇರಳದಿಂದಲೋ ಕರಾವಳಿಯಿಂದಲೋ ಬಂದ, ಬೇರೆ ಬೇರೆ ವ್ರತ ಉಪವಾಸ ಇರುವವರು ಒಂದೇ ಪಾಳಿಯಲ್ಲಿರುತ್ತಾರೆ. ಸುತ್ತಿದ ತುಂಡಾದರೆ ರಂಜಾನ್ ಉಪವಾಸ ಇರುವವರೂ ಚೀಲಕ್ಕೆ ಹಾಕಿಕೊಂಡು ಮನೆಗೆ ಒಯ್ಯುತ್ತಾರೆ.

ಹೂಗುಚ್ಛ ಎನ್‌ಐಸಿಯು ಬಾಗಿಲು ದಾಟುವಂತಿಲ್ಲ. ಹೂದಾನಿಯ ನೀರಿನಲ್ಲಿ ರೋಗಾಣು ಬೆಳೆಯುತ್ತವೆ. ಮೆತ್ತನೆ ಗೊಂಬೆ ಧೂಳು ಹಿಡಿಯುತ್ತದೆ, ತೊಳೆಯಲಾಗುವುದಿಲ್ಲ. ಸೆಂಟು, ಊದುಬತ್ತಿಯ ಘಾಟು ಎಳೆ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಬಳೆ, ಉಂಗುರ, ಕೈಗಡಿಯಾರವನ್ನು ಅವರು ಡ್ಯೂಟಿಯಲ್ಲಿ ಹಾಕುವಂತೆಯೇ ಇಲ್ಲ. ಅರಿಶಿನ ಕುಂಕುಮ, ರವಿಕೆ ಕಣದ ತಾಂಬೂಲ ಕೊಡುವ ಆಸೆ ಹಿರಿಯರಿಗೆ ಇರುತ್ತದೆ. ಬೇರೆ ಧರ್ಮದವರೂ ಇರುವ ಕಡೆ, ಯೂನಿಫಾರಂನಲ್ಲಿ ನಿಂತವರಿಗೆ ಅದನ್ನು ಕೊಡುವುದು ಇಬ್ಬರಿಗೂ ಇಕ್ಕಟ್ಟು. ನಾಮಕರಣಕ್ಕೆ ಒಂದು ಆಮಂತ್ರಣ ಪತ್ರ ಕೊಡಿ. ಬಂದರೆ ಮನೆಯಲ್ಲಿ ತೊಟ್ಟಿಲ ಹತ್ತಿರ ಕೂರಿಸಿ ಮನಸಾರೆ ಸತ್ಕರಿಸಿ.

ಇಡೀ ಘಟಕಕ್ಕೆ ಉಪಯೋಗಕ್ಕೆ ಬರುವ ವಸ್ತು ಎಂದರೆ ಪೆನ್ನು. ಗಂಟೆಗೊಮ್ಮೆ ಚಾರ್ಟ್ ಬರೆಯುವವರಿಗೆ ಅದು ಸದಾ ಕಾಣೆ. ಮುಚ್ಚಳದ ಪೆನ್ನು ಬೇಡ, ಒತ್ತಿದರೆ ಮೊನೆ ಬರುವ ಬಾಲ್ ಪೆನ್ನು ತನ್ನಿ. ತೇವದ ಕೈ ತಾಗಿದರೆ ಜೆಲ್ ಶಾಯಿ ಹರಡುತ್ತದೆ. ನೀಲಿ ಇಪ್ಪತ್ತು, ಕೆಂಪು ಐದು ಸಾಕು, ರಾತ್ರಿ ಪಾಳಿಯಲ್ಲಿ ಕೆಂಪಿನಲ್ಲಿ ಬರೆಯುವ ರೂಢಿ ಕೆಲವೆಡೆ ಇದೆ. ದಿನಕ್ಕೆ ಹತ್ತಾರು ಬಾರಿ ತೊಳೆದು ಅವರ ಕೈ ಒಡೆದಿರುತ್ತದೆ, ಕೈಗೆ ಹಚ್ಚುವ ಕ್ರೀಮ್ ಕೂಡ ಒಳ್ಳೆಯದೇ. ಆದರೆ ವಾಸನೆ ಇರಬಾರದು. ಪೆಟ್ರೋಲಿಯಂ ಜೆಲ್ಲಿ ಸೇರಿದ್ದು ಲೇಟೆಕ್ಸ್ ಗ್ಲೌಸನ್ನು ಹಾಳು ಮಾಡುವುದರಿಂದ ಅದೂ ಬೇಡ. ಡಬ್ಬಿಯಾದರೆ ಹತ್ತು ಜನರ ಬೆರಳು ಅದ್ದುತ್ತದೆ, ಸಣ್ಣ ಟ್ಯೂಬುಗಳೇ ಸರಿ.

ಒಬ್ಬ ಸಿಸ್ಟರ್ ನಿಮಗೆ ವಿಶೇಷವಾಗಿ ಹತ್ತಿರವಾಗಿದ್ದು, ಆಸ್ಪತ್ರೆಯ ಅಡ್ಡಿಯೂ ಇಲ್ಲದಿದ್ದರೆ ಎದೆಗೆ ಪಿನ್ ಹಾಕುವ ವಾಚು ಕೊಡಿ. ನವಜಾತ ಶಿಶುವಿನ ಉಸಿರು ಒಂದೇ ಲಯದಲ್ಲಿರುವುದಿಲ್ಲ, ಅದನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು, ಮುಂಗೈ ಮಾತ್ರ ಬರಿದಾಗಿರಬೇಕು. ಈ ವಾಚು ತಲೆಕೆಳಗಾಗಿ ನೇತಾಡುತ್ತದೆ, ಹಾಕಿಕೊಂಡವರು ತಲೆ ಬಗ್ಗಿಸಿದರೆ ಸಮಯ ನೇರ ಕಾಣುತ್ತದೆ. ಸೆಕೆಂಡಿನ ಮುಳ್ಳು ಬೇರೆ ಬಣ್ಣದಲ್ಲಿ ಎದ್ದು ಕಾಣಬೇಕು, ಕವಚ ಸಿಲಿಕೋನ್‌ನದಾಗಿರಬೇಕು. ಬಟ್ಟೆ, ಚರ್ಮದ ಪಟ್ಟಿಯನ್ನು ಸ್ಪಿರಿಟ್‌ನಿಂದ ಒರೆಸಲು ಬರುವುದಿಲ್ಲ.

ಘಟಕದ ಮಕ್ಕಳಿಗೇ ಏನಾದರೂ ಕೊಡುವ ಮನಸ್ಸಿದ್ದರೆ, ಜಿಲ್ಲಾ ಆಸ್ಪತ್ರೆಯ ಎಸ್‌ಎನ್‌ಸಿಯುಗಳಲ್ಲಿ (ನವಜಾತ ಶಿಶುಗಳ ವಿಶೇಷ ಆರೈಕೆ ಘಟಕಗಳಲ್ಲಿ) ಹತ್ತಿಯ ಟೊಪ್ಪಿಗೆ, ಕಾಲುಚೀಲಕ್ಕೆ ಸಾಮಾನ್ಯವಾಗಿ ಬೇಡಿಕೆ ಇರುತ್ತದೆ. ಮೊದಲು ಕೇಳಿಯೇ ಹೊಲಿಸಿ. 28ರಿಂದ 32 ವಾರಕ್ಕೆ ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸುಮಾರು 25ರಿಂದ 30 ಸೆಂ.ಮೀ. ಅಂಗಡಿಯ "ನ್ಯೂಬಾರ್ನ್" ಟೊಪ್ಪಿಗೆ ಅದರ ಕಣ್ಣಿನ ಮೇಲೆ ಜಾರುತ್ತದೆ. ಗುಂಡಿ, ರಿಬ್ಬನ್, ಮಿಂಚು ಬೇಡ. ಕಾಲುಚೀಲವನ್ನು ಒಳಮಗ್ಗುಲು ಹೊರಗೆ ತಿರುವಿ ಸಡಿಲ ನೂಲನ್ನೆಲ್ಲ ಕತ್ತರಿಸಿ. ಒಂದೇ ಒಂದು ಎಳೆ ಕಾಲ್ಬೆರಳಿಗೆ ಸುತ್ತಿಕೊಂಡರೂ ರಕ್ತ ಓಡದೆ ಬೆರಳು ಊದಿಕೊಳ್ಳುತ್ತದೆ. ಕೆಲವು ಸಿಂಥೆಟಿಕ್ ಬಟ್ಟೆ ಆಟೋಕ್ಲೇವ್‌ನ (ಬಿಸಿ ಹಬೆಯಿಂದ ರೋಗಾಣು ಕೊಲ್ಲುವ ಯಂತ್ರದ) ಶಾಖ ತಡೆಯುವುದಿಲ್ಲ. ಮನೆಯಲ್ಲಿ ಉಳಿದ ಹಾಲಿನ ಪುಡಿ ಡಬ್ಬ, ಫೀಡಿಂಗ್ ಬಾಟಲಿಗಳನ್ನು ಮಾತ್ರ ಒಯ್ಯಬೇಡಿ. 1992ರ ಶಿಶು ಹಾಲಿನ ಬದಲಿಗಳ ಕಾಯ್ದೆಯ ಪ್ರಕಾರ ಅನಾಥಾಲಯ ಬಿಟ್ಟು ಬೇರೆ ಯಾರಿಗೂ ಅವನ್ನು ದಾನ ಮಾಡುವಂತಿಲ್ಲ. ತಾಯಿಯ ಹಾಲು ಬಿಡಿಸಬಾರದೆಂದೇ ಮಾಡಿದ ಕಾನೂನು ಅದು.

ಇವೆಲ್ಲಕ್ಕಿಂತ ಬೆಲೆಬಾಳುವುದು ಒಂದು ಕಾಗದ. ಕರದಂಟು ಎರಡು ದಿನಕ್ಕೆ ಮುಗಿಯುತ್ತದೆ, ಹೆಸರು ಬರೆದ ಕಾಗದ ಸಿಸ್ಟರ್‌ನ ಕಡತಕ್ಕೆ ಸೇರಬಹುದು, ಬಡ್ತಿಯ ಹೊತ್ತಿನಲ್ಲಿ ನೆರವಿಗೆ ಬರಬಹುದು. ನರ್ಸಿಂಗ್ ಸೂಪರಿಂಟೆಂಡೆಂಟ್ ಅವರಿಗೆ ಬರೆಯಿರಿ, ಜಿಲ್ಲಾ ಆಸ್ಪತ್ರೆಯಾದರೆ ಒಂದು ಪ್ರತಿ ಜಿಲ್ಲಾ ಶಸ್ತ್ರಚಿಕಿತ್ಸಕರಿಗೆ. "ಎಲ್ಲರೂ ಚೆನ್ನಾಗಿ ನೋಡಿಕೊಂಡರು" ಎಂದಷ್ಟೇ ಬರೆದರೆ ಯಾರಿಗೂ ಪ್ರಯೋಜನವಿಲ್ಲ. ಹೀಗೆ ಬರೆಯಿರಿ: "31 ವಾರಕ್ಕೆ ಹುಟ್ಟಿದ, 1,350 ಗ್ರಾಂ ತೂಕದ ನಮ್ಮ ಮಗಳು ನಿಮ್ಮ ಘಟಕದಲ್ಲಿ ಒಂದು ತಿಂಗಳಿದ್ದಳು. ಒಳಲೆಯ ಮೂತಿಯನ್ನು ತುಟಿಯ ಅಂಚಿಗಿಟ್ಟು, ಹಾಲು ಸುರಿಯದೆ, ಮಗು ತಾನೇ ಹೀರಿಕೊಳ್ಳುವ ತನಕ ಕಾಯುವುದನ್ನು ರಾತ್ರಿ ಪಾಳಿಯ ಇಂಥ ಸಿಸ್ಟರ್ ನನ್ನ ಕೈ ಹಿಡಿದು ಕಲಿಸಿದರು. ಈಗ ಮನೆಯಲ್ಲಿ ಹೆದರದೆ ಕುಡಿಸುತ್ತಿದ್ದೇನೆ." ಹೆಸರು, ಪಾಳಿ, ಮಾಡಿದ ಕೆಲಸ, ಅದರಿಂದಾದ ಒಳಿತು, ಈ ನಾಲ್ಕು ಇದ್ದರೆ ಸಾಕು. ಒಂದು ಪುಟ ದಾಟಬೇಡಿ.

ಹೆಸರುಗಳನ್ನು ಕೊನೆಯ ದಿನ ನೆನಪಿಸಿಕೊಳ್ಳಲು ಆಗುವುದಿಲ್ಲ. ಮಗು ಒಳಗಿರುವಾಗಲೇ ತಾಯಿಯ ಕೈಯಲ್ಲಿ ಚಿಕ್ಕ ನೋಟ್‌ಬುಕ್ ಇರಲಿ. ಒಂದೇ ಹೆಸರಿನ ಇಬ್ಬರಿರುವುದು ಸಾಮಾನ್ಯ, ಇನಿಶಿಯಲ್ ಕೇಳಿ ಬರೆಯಿರಿ. ಮುಖ್ಯವಾದ ಇನ್ನೊಂದು ಎಚ್ಚರ: ಸಿಸ್ಟರ್ ನಿಮಗಾಗಿ ನಿಯಮ ಸಡಿಲಿಸಿದ್ದನ್ನು, ಹೊತ್ತಲ್ಲದ ಹೊತ್ತಿನಲ್ಲಿ ಒಳಗೆ ಬಿಟ್ಟದ್ದನ್ನು, ಫೋಟೋ ಕಳಿಸಿದ್ದನ್ನು ಬರೆಯಲೇಬೇಡಿ. ನಿಮ್ಮ ಕೃತಜ್ಞತೆಯೇ ಅವರಿಗೆ ನೋಟಿಸ್ ತಂದೀತು. ಕನ್ನಡ ಓದಲು ಬಾರದ ಸಿಸ್ಟರ್‌ಗಳಿದ್ದರೆ ಕೆಳಗೆ ನಾಲ್ಕು ಸಾಲು ಇಂಗ್ಲಿಷ್ ಸೇರಿಸಿ. ಒಂದು ಪ್ರತಿಯನ್ನು ಲ್ಯಾಮಿನೇಟ್ ಮಾಡಿಸಿ ಡ್ಯೂಟಿ ರೂಮಿಗೆ ಕೊಡಿ, ಒರೆಸಿ ಇಟ್ಟುಕೊಳ್ಳಬಹುದು. ಮೇ 12 ದಾದಿಯರ ದಿನ, ನವೆಂಬರ್ 15ರಿಂದ 21 ನವಜಾತ ಶಿಶು ಆರೈಕೆ ಸಪ್ತಾಹ. ಆ ಹೊತ್ತಿಗೆ ತಲುಪಿದರೆ ಎಲ್ಲರ ಮುಂದೆ ಓದುವ ಸಾಧ್ಯತೆಯೂ ಇದೆ.

ಮಗು ಉಳಿಯದೇ ಹೋದ ಮನೆಯವರಿಗೂ ಸಿಸ್ಟರ್‌ಗಳಿಗೆ ಏನೋ ಹೇಳಬೇಕೆನಿಸುತ್ತದೆ. ಹೇಳಲೇಬೇಕೆಂಬ ಕಟ್ಟುಪಾಡಿಲ್ಲ, ಗಡುವೂ ಇಲ್ಲ. ಆರು ತಿಂಗಳ ಮೇಲೆ ಬರೆದರೂ ಆದೀತು, ಅಂಚೆಯಲ್ಲಿ ಕಳಿಸಿದರೂ ಆದೀತು, ಆ ಬಾಗಿಲಿಗೆ ಮತ್ತೆ ಹೋಗಬೇಕಿಲ್ಲ. ಮಗುವಿಗೆ ಹೆಸರಿಟ್ಟಿದ್ದರೆ ಆ ಹೆಸರು ಬರೆಯಿರಿ. ಕೊನೆಯ ಪಾಳಿಯಲ್ಲಿದ್ದವರು ಆ ಮಗುವನ್ನು ಮರೆತಿರುವುದಿಲ್ಲ, ನಿಮ್ಮ ಎರಡು ಸಾಲು ಅವರಿಗೂ ಬೇಕಾಗಿರುತ್ತದೆ.

ಬೆಳೆದ ಮಗುವಿನ ಫೋಟೋ ಕೊಡುವುದಾದರೆ ವರ್ಷ ತುಂಬಿದ ಮೇಲೆ ಒಂದು ಕಾರ್ಡ್ ಸೈಜ್ ಪ್ರಿಂಟ್ ಹಾಕಿಸಿ, ಹಿಂದೆ ಹುಟ್ಟಿದ ತಿಂಗಳು, ಹುಟ್ಟಿದಾಗಿನ ತೂಕ, ಈಗಿನ ತೂಕ ಬರೆಯಿರಿ. ಆಸ್ಪತ್ರೆ ಮಗುವಿಗೆ ಕೊಟ್ಟ ನಂಬರು, ನಿಮ್ಮ ಫೋನ್ ನಂಬರು ಬೇಡ. ಗೋಡೆಗೆ ಹಾಕಬಹುದೇ ಬೇಡವೇ ಎಂಬುದನ್ನೂ ಅಲ್ಲೇ ಬರೆದುಬಿಡಿ, ಅವರು ಮತ್ತೆ ಕೇಳುವ ಕೆಲಸ ತಪ್ಪುತ್ತದೆ. ಬೇರೆ ಮಕ್ಕಳು ಕಾಣುವ ಫೋಟೋ ಕೊಡಬೇಡಿ. ಮಗುವನ್ನು ಕರೆದೊಯ್ಯುವುದಾದರೆ ಮನೆಯಲ್ಲಿ ಯಾರಿಗೂ ನೆಗಡಿ, ಕೆಮ್ಮು ಇಲ್ಲದ ದಿನ ನೋಡಿ ಹೋಗಿ, ಘಟಕದ ಬಾಗಿಲಿನಿಂದ ಆಚೆಯೇ ನಿಂತು ಬೆಲ್ ಒತ್ತಿ. ಯಾರು ಬಿಡುವಾಗಿದ್ದಾರೋ ಅವರೇ ಹೊರಗೆ ಬರುತ್ತಾರೆ.