ನಾಟಕದಿಂದ ಸೀರಿಯಲ್‌ಗೆ: ಪಾತ್ರವನ್ನು ಹಿಡಿದಿಟ್ಟುಕೊಂಡ ಬಗೆ

ನಾಟಕದಲ್ಲಿ ಪಾತ್ರ ಕೈಗೆ ಬರುವಾಗಲೇ ಅದರ ಕೊನೆಯೂ ಗೊತ್ತಿರುತ್ತದೆ. ಮೂರನೇ ದೃಶ್ಯದಲ್ಲಿ ಕೂಗಾಡುವವನು ಕೊನೆಗೆ ಕುಸಿದು ಕೂರುತ್ತಾನೆ ಅಂತ ಮೊದಲ ಓದಿನಲ್ಲೇ ತಿಳಿಯುತ್ತದೆ. ಹಾಗಾಗಿ ಸಿಟ್ಟು ಎಲ್ಲಿ ಎಷ್ಟು ಬೇಕು ಅಂತ ತಾಲೀಮಿನಲ್ಲೇ ಅಳೆದು ನೋಡಬಹುದು. ಸೀರಿಯಲ್‌ನಲ್ಲಿ ಆ ಅನುಕೂಲ ಇಲ್ಲ. ನನ್ನ ಪಾತ್ರ ಮುಂದಿನ ತಿಂಗಳು ಒಳ್ಳೆಯವನೋ ಕೆಟ್ಟವನೋ ಅನ್ನೋದು ಎಷ್ಟೋ ಸಲ ಬರೆಯುವವರಿಗೇ ತೀರ್ಮಾನವಾಗಿರುವುದಿಲ್ಲ. ರಂಗದ ಮೇಲೆ ಬೆಳೆದು ಬಂದ ನನಗೆ ನಿಜವಾದ ಕೆಲಸ ಅನ್ನಿಸಿದ್ದು ಇದೇ.

ದನಿ, ಕ್ಯಾಮೆರಾ ಇವೆಲ್ಲ ಬೇಗ ಒಗ್ಗುತ್ತವೆ. ಮೈಕ್ ಎದೆಯ ಮೇಲೇ ಇರುವುದರಿಂದ ಕೊನೆಯ ಸಾಲಿಗೆ ಕೇಳಿಸುವ ದನಿ ಬೇಡ. ಆದರೆ ದನಿ ತಗ್ಗಿಸುವಾಗ ಒಳಗಿನ ಬಿಗಿಯೂ ಸಡಿಲವಾಗಬಾರದು. ನಾನು ಉಸಿರನ್ನು ನಾಟಕದಲ್ಲಿ ತೆಗೆದುಕೊಂಡಷ್ಟೇ ತೆಗೆದುಕೊಂಡು ಸದ್ದನ್ನು ಮಾತ್ರ ಕಡಿಮೆ ಮಾಡುತ್ತೇನೆ. ಕ್ಲೋಸಪ್‌ನಲ್ಲಿ ಎದುರಿನವರ ಎರಡೂ ಕಣ್ಣು ನೋಡಲು ಹೋದರೆ ನಮ್ಮ ಕಣ್ಣು ಅತ್ತಿತ್ತ ಓಡಾಡುತ್ತದೆ. ಕ್ಯಾಮೆರಾಗೆ ಹತ್ತಿರವಿರುವ ಒಂದೇ ಕಣ್ಣು ನೋಡಿದರೆ ಸಾಕು.

ಇನ್ನು ಪಾತ್ರದ ವಿಷಯ. ಶೂಟಿಂಗ್ ನಡೆಯುವುದು ಸೆಟ್ ಪ್ರಕಾರ, ಕಥೆಯ ಪ್ರಕಾರ ಅಲ್ಲ. ನಡುಮನೆಯ ಸೀನ್‌ಗಳೆಲ್ಲ ಒಂದೇ ದಿನ ಮುಗಿಯುತ್ತವೆ, ಅವು ಬೇರೆ ಬೇರೆ ಎಪಿಸೋಡಿಗೆ ಸೇರಿದ್ದರೂ. ಬೆಳಿಗ್ಗೆ ಜಗಳವಾದ ಮೇಲಿನ ಸೀನ್, ಮಧ್ಯಾಹ್ನ ಜಗಳಕ್ಕೆ ಮುಂಚಿನದು. ಅದಕ್ಕೆ ನಾನು ಒಂದು ನೋಟ್‌ಬುಕ್ ಇಟ್ಟುಕೊಂಡೆ. ಪ್ರತಿ ಸೀನ್ ನಂಬರಿನ ಕೆಳಗೆ ಎರಡು ವಿಷಯ ಬರೆಯುತ್ತೇನೆ: ಈ ಹೊತ್ತಿಗೆ ಇವನಿಗೆ ಏನು ಗೊತ್ತು, ಏನು ಗೊತ್ತಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ನಾನು ತಂದೆಯ ಪಾತ್ರ ಮಾಡುತ್ತಿದ್ದೆ. ಮಗ ಬಚ್ಚಿಟ್ಟ ಕಾಗದವೊಂದು ತಂದೆಗೆ ಸಿಗುತ್ತದೆ. ಕಾಗದ ಸಿಗುವ ಮುಂಚೆಯೂ ಆಮೇಲೂ ಅವನು ಮಗನನ್ನು ಕೇಳುವುದು ಒಂದೇ ಮಾತು, ‘ಯಾವಾಗ ಬಂದೆ?’ ಎರಡೂ ಸೀನ್ ಒಂದರ ಹಿಂದೆ ಒಂದು ತೆಗೆದರು, ಅಂಗಿ ಮಾತ್ರ ಬದಲಾಯಿತು. ಮೊದಲನೆಯದಕ್ಕೆ ‘ಏನೂ ಗೊತ್ತಿಲ್ಲ’ ಅಂತ ಬರೆದುಕೊಂಡಿದ್ದೆ. ಸುಮ್ನೆ ತಲೆ ಎತ್ತಿ ಕೇಳಿದೆ. ಎರಡನೆಯದಕ್ಕೆ ‘ಓದಿದ್ದಾನೆ, ಮಗ ತಾನಾಗೇ ಹೇಳಲಿ ಅಂತ ಕಾಯುತ್ತಿದ್ದಾನೆ’ ಅಂತ ಇತ್ತು. ಆಗ ಕೇಳಿದ ಮೇಲೂ ಮಗನ ಮುಖದಿಂದ ಕಣ್ಣು ತೆಗೆಯಲಿಲ್ಲ. ಉತ್ತರ ಬಂದ ಮೇಲೂ ಸ್ವಲ್ಪ ಹೊತ್ತು ನೋಡುತ್ತಲೇ ಇದ್ದೆ. ಮಾತು ಒಂದೇ ಆದರೂ ಅಲ್ಲಿದ್ದವನು ಬೇರೆಯೇ ತಂದೆ.

ಕೈ ಕೆಲಸವನ್ನೂ ಅದೇ ಪುಸ್ತಕದಲ್ಲಿ ಬರೆಯುತ್ತೇನೆ. ಇಡೀ ಸೀನನ್ನು ಒಟ್ಟಿಗೆ ತೆಗೆಯುವ ಮಾಸ್ಟರ್ ಶಾಟ್‌ನಲ್ಲಿ ಯಾವ ಪದಕ್ಕೆ ಲೋಟ ಕೆಳಗಿಟ್ಟೆನೋ ಕ್ಲೋಸಪ್‌ನಲ್ಲೂ ಅದೇ ಪದಕ್ಕೆ ಇಡಬೇಕು. ಶಾಟಿನಿಂದ ಶಾಟಿಗೆ ಹೊಂದಿಕೆ, ಅಂದರೆ ಕಂಟಿನ್ಯುಟಿ, ನೋಡಿಕೊಳ್ಳುವವರು ಇದ್ದೇ ಇರುತ್ತಾರೆ, ನಿಜ. ಆದರೂ ಹೊಂದದ ಶಾಟನ್ನು ಎಡಿಟರ್ ಕೈಬಿಡುತ್ತಾರೆ, ಅದು ನನ್ನ ಒಳ್ಳೆಯ ಶಾಟೇ ಆಗಿರಬಹುದಲ್ವಾ?

ಕೆಲವು ಸೆಟ್‌ಗಳಲ್ಲಿ ಪ್ರಾಂಪ್ಟಿಂಗ್ ಇರುತ್ತದೆ. ಒಬ್ಬರು ಕ್ಯಾಮೆರಾ ಹಿಂದೆ ನಿಂತು ಸಾಲು ಓದುತ್ತಾರೆ, ನಾವು ಹೇಳುತ್ತೇವೆ. ಕೆಲಸ ಬೇಗ ಆಗುತ್ತದೆ. ಆದರೆ ಕಿವಿ ಪೂರ್ತಿ ಆ ಕಡೆ ಹೋಗಿ, ಎದುರಿನವರ ಮಾತು ಕೇಳಿಸುವುದೇ ನಿಲ್ಲುತ್ತದೆ. ಮುಖ ಆಗ ಖಾಲಿಯಾಗಿ ಕಾಣುತ್ತದೆ. ಸೀನ್ ಪೇಪರ್ ಎಷ್ಟೇ ತಡವಾಗಿ ಬಂದರೂ ನಾನು ಎದುರಿನವರ ಸಾಲುಗಳನ್ನು ಮೊದಲು ಓದುತ್ತೇನೆ. ಅವರು ಏನು ಹೇಳುತ್ತಾರೆ ಅಂತ ಗೊತ್ತಿದ್ದರೆ ನನ್ನ ಮಾತು ಅರ್ಧ ಬಂದ ಹಾಗೆ. ಹೊಸಬರಿಗೆ ನನ್ನ ಒತ್ತಾಯ ಇಷ್ಟೇ: ಸಮಯವಿದ್ದರೆ ಬಾಯಿಪಾಠ ಮಾಡಿ, ಪ್ರಾಂಪ್ಟಿಗೆ ಒರಗಬೇಡಿ.

ಬ್ರಿಟನ್ನಿನ ವಿಲಿಯಂ ರೋಚ್ ‘ಕೊರೊನೇಷನ್ ಸ್ಟ್ರೀಟ್’ ಸೀರಿಯಲ್‌ನ ಮೊದಲ ಎಪಿಸೋಡಿನಲ್ಲಿ, 1960ರ ಡಿಸೆಂಬರ್‌ನಲ್ಲಿ, ಕೆನ್ ಬಾರ್ಲೋ ಆಗಿ ಬಂದರು. 60 ವರ್ಷ ದಾಟಿದ ಮೇಲೂ ಅದೇ ಪಾತ್ರ ಮಾಡುತ್ತಿದ್ದರು. ಅಷ್ಟರಲ್ಲಿ ಬರೆಯುವವರ ತಲೆಮಾರುಗಳೇ ಬದಲಾಗಿವೆ. ಪಾತ್ರದ ಜೊತೆ ಉದ್ದಕ್ಕೂ ಇರುವವರು ನಟರು. ಅದಕ್ಕೇ ಪಾತ್ರದ ನೆನಪು ನಮ್ಮ ಜವಾಬ್ದಾರಿ ಅಂತ ನಾನು ನಂಬಿದ್ದೇನೆ. ಒಮ್ಮೆ ಹೊಸದಾಗಿ ಬಂದ ಬರಹಗಾರರು, ನನ್ನ ಪಾತ್ರ ನಾದಿನಿಯನ್ನು ಮೊದಲ ಸಲ ನೋಡುವ ಹಾಗೆ ಸೀನ್ ಬರೆದಿದ್ದರು. ಇಬ್ಬರೂ ಹಿಂದೆಯೇ ಭೇಟಿಯಾಗಿದ್ದರು. ಪುಸ್ತಕ ತೆಗೆದು ತೋರಿಸಿದೆ. ನಿರ್ದೇಶಕರು ಅಲ್ಲೇ ಮಾತು ಬದಲಿಸಿದರು. ಹಳೆಯ ಮುನಿಸೊಂದು ಸೇರಿಕೊಂಡು ಸೀನ್‌ಗೂ ತೂಕ ಬಂತು.

ನಾಟಕ ನಾನು ಬಿಟ್ಟಿಲ್ಲ. ಸೀರಿಯಲ್‌ನಲ್ಲಿ ಸಂಬಳ ಸಾಮಾನ್ಯವಾಗಿ ಕೆಲಸ ಮಾಡಿದ ದಿನಗಳ ಲೆಕ್ಕ. ಟ್ರ್ಯಾಕ್, ಅಂದರೆ ನಮ್ಮ ಪಾತ್ರದ ಕಥೆಯ ಎಳೆ, ತೆಳುವಾದರೆ ದಿನಗಳೂ ಕಡಿಮೆ, ಪಾತ್ರ ಸತ್ತರೆ ಕೆಲಸವೇ ಇಲ್ಲ. ಆಗ ಕೈಹಿಡಿಯುವುದು ರಂಗದ ಗೆಳೆಯರೇ. ಅದಕ್ಕಿಂತ ಜಾಸ್ತಿ, ಒಂದು ಪಾತ್ರವನ್ನು ಶುರುವಿನಿಂದ ಕೊನೆಯವರೆಗೆ ಒಂದೇ ಸಂಜೆ ಬದುಕುವ ಸುಖ ನನಗೆ ಬೇಕು. ಹಾಗಾಗಿ ಒಪ್ಪಂದಕ್ಕೆ ಸಹಿ ಹಾಕುವ ಮುಂಚೆಯೇ ನಾಟಕದ ದಿನಗಳನ್ನು ಕೇಳಿ ಬರೆಸಿಕೊಳ್ಳುತ್ತೇನೆ. ಸಹಿಯಾದ ಮೇಲೆ ಕೇಳಿದರೆ ಅದು ರಜೆ ಬೇಡಿದ ಹಾಗಾಗುತ್ತದೆ, ಮುಂಚೆ ಕೇಳಿದರೆ ಹೆಚ್ಚಿನವರು ಒಪ್ಪುತ್ತಾರೆ.